ಆಟಿಕೆ ತರಿಸುವ ಮುನ್ನ ಪರವಾನಗಿ ನೋಡಿ

ಚೀನಾದ ಯಿವು ಮಾರುಕಟ್ಟೆಯಿಂದ ಒಂದು ಲಕ್ಷ ರೂಪಾಯಿಯ ಆಟಿಕೆ ತರಿಸಲು ಹೊರಟ ಹುಬ್ಬಳ್ಳಿಯ ಅಂಗಡಿಯವರು, ಮುಂಗಡ ಕಳಿಸಬಹುದೇ ಎಂದು ಕೇಳಿದ್ದಾರೆ. ಸದ್ಯಕ್ಕೆ ಬೇಡ.

ಆಮದು-ರಫ್ತು ಕೋಡ್ ಪಡೆಯುವುದು ಸುಲಭ. ಆನ್‌ಲೈನ್ ಅರ್ಜಿ, 500 ರೂಪಾಯಿ ಶುಲ್ಕ. ತೊಡಕಿರುವುದು ಬೇರೆಡೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಇದರ ಪರವಾನಗಿಯನ್ನು ಭಾರತೀಯ ಮಾನಕ ಬ್ಯೂರೊ (ಬಿಐಎಸ್) ನೀಡುವುದು ವಿದೇಶದ ಕಾರ್ಖಾನೆಗೆ, ಮಾಲು ತರಿಸುವ ವ್ಯಾಪಾರಿಗಲ್ಲ. ಮಾರಾಟಗಾರ ತೋರಿಸುವ ಯುರೋಪಿನ ಸಿಇ ಗುರುತು ಇಲ್ಲಿ ನಡೆಯುವುದಿಲ್ಲ. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತಿನೊಂದಿಗೆ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆ ಇರಬೇಕು. ಅದರ ಫೋಟೊ ತರಿಸಿಕೊಂಡು, ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರ ಹೆಸರಲ್ಲಿದೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ.

ಇನ್ನು ಲೆಕ್ಕ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸುಂಕ ಬೀಳುವುದು ಬರೀ ಬಿಲ್ಲಿನ ಬೆಲೆಗಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತಕ್ಕೆ. ಅದರ ಮೇಲೆ ಐಜಿಎಸ್‌ಟಿ. ಜಿಎಸ್‌ಟಿ ನೋಂದಣಿ ಇದ್ದರೆ ಐಜಿಎಸ್‌ಟಿಯನ್ನು ಮುಂದಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಮೂಲ ಸುಂಕ ಮಾತ್ರ ಪೂರ್ತಿ ಖರ್ಚೇ. ಈ ದರದಲ್ಲಿ ಚನ್ನಪಟ್ಟಣದ ಗೊಂಬೆಗಳ ಬೆಲೆಯನ್ನೂ ಅವರು ಒಮ್ಮೆ ವಿಚಾರಿಸಲಿ.