ಅಂಬೆಗಾಲಿಡುವ ಮಗುವಿನ ಸುರಕ್ಷತೆ: ಮಡಚುವ ಪ್ಲೇಪೆನ್ ಬಳಸುವ ಕ್ರಮ



ಒಂಬತ್ತು ತಿಂಗಳ ಲಸಿಕೆಗೆಂದು ಮಗುವನ್ನು ಆಸ್ಪತ್ರೆಗೆ ಕರೆತರುವ ಹೊತ್ತಿಗೆ ಅದು ಸಾಮಾನ್ಯವಾಗಿ ಅಂಬೆಗಾಲಿಡುತ್ತಿರುತ್ತದೆ. ಇದು ಸಂತೋಷದ ಸಂಗತಿ. ಆದರೆ ಮನೆಯೊಳಗಿನ ಅಪಾಯಗಳು ಆರಂಭವಾಗುವುದೂ ಇದೇ ಕಾಲದಲ್ಲಿ. ನಿನ್ನೆಯವರೆಗೆ ಮಲಗಿಸಿದಲ್ಲೇ ಇರುತ್ತಿದ್ದ ಕೂಸು ಇಂದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಚ್ಚಲುಮನೆಯ ಬಾಗಿಲಿನಲ್ಲಿರುತ್ತದೆ.

ಇಂಥ ಸನ್ನಿವೇಶ ನಿಮಗೆ ಹೊಸದಲ್ಲ. ಮನೆಯಲ್ಲಿ ನೀವೊಬ್ಬರೇ ಇದ್ದೀರಿ. ಹಂಚಿನ ಮೇಲೆ ರೊಟ್ಟಿ ಇದೆ, ಪಕ್ಕದ ಒಲೆಯಲ್ಲಿ ಹಾಲು ಉಕ್ಕುತ್ತಿದೆ, ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಮಗುವನ್ನು ಎಲ್ಲಿ ಬಿಡುವುದು? ಹಿಂದೆ ತುಂಬಿದ ಮನೆಯಲ್ಲಿ ಅಜ್ಜಿಯ ಮಡಿಲು ಇರುತ್ತಿತ್ತು. ಇಂದು ಅನೇಕ ಮನೆಗಳಲ್ಲಿ ಹಗಲು ಹೊತ್ತು ತಾಯಿ, ಮಗು ಇಬ್ಬರೇ. ಈ ಕೆಲವು ನಿಮಿಷಗಳಿಗಾಗಿಯೇ ಪ್ಲೇಪೆನ್ ಎಂಬ ಸಾಧನವಿದೆ. ಅದನ್ನು ಸರಿಯಾಗಿ ಬಳಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಅಪಾಯ ಎಲ್ಲಿದೆ?

ಮಗುವಿನಂತೆ ನೆಲದ ಮೇಲೆ ಕುಳಿತು ನಿಮ್ಮ ಮನೆಯನ್ನು ಒಮ್ಮೆ ನೋಡಿ. ಈ ಕೆಳಗಿನವು ಮಗುವಿನ ಕೈಗೆ ಸಿಗುತ್ತವೆಯೇ?

1. ನೀರು ತುಂಬಿದ ಬಕೆಟ್, ಮುಚ್ಚಳವಿಲ್ಲದ ತೊಟ್ಟಿ ಅಥವಾ ಸಂಪ್. ಚಿಕ್ಕ ಮಗುವಿನ ತಲೆಯ ಭಾರ ಹೆಚ್ಚು. ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ತಾನಾಗಿ ಮೇಲೇಳಲಾರದು. ಮೂಗು, ಬಾಯಿ ಮುಳುಗಲು ಎರಡು ಅಂಗುಲ ನೀರು ಸಾಕು. ಮುಳುಗುವ ಮಗು ಕೂಗುವುದೂ ಇಲ್ಲ.
2. ನೆಲದ ಮೇಲಿನ ಒಲೆ, ಇಳಿಸಿಟ್ಟ ಸಾರಿನ ಪಾತ್ರೆ, ಬಿಸಿ ಚಹಾದ ಲೋಟ, ಹೀಟರ್ ಕಾಯಿಲ್ ಹಾಕಿದ ಬಕೆಟ್.
3. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ಫಿನಾಯಿಲ್, ಆಸಿಡ್, ಬೆಳೆಗೆ ಹೊಡೆಯುವ ಔಷಧ.
4. ಶೇಂಗಾ, ಕಡಲೆ, ಹುಣಸೆ ಬೀಜ, ನಾಣ್ಯ, ಗುಂಡಿ ಮುಂತಾದ ಸಣ್ಣ ವಸ್ತುಗಳು.
5. ಈಳಿಗೆಮಣೆ, ವಿದ್ಯುತ್ ತಂತಿ, ಮೆಟ್ಟಿಲು.

ಇವುಗಳನ್ನು ಮಗುವಿಗೆ ಎಟುಕದಂತೆ ಇಡುವುದೇ ಮೊದಲ ಕೆಲಸ. ಪ್ಲೇಪೆನ್ ಎರಡನೆಯದು. ಮಗು ದಿನದ ಬಹುಪಾಲು ಅದರ ಹೊರಗೇ ಇರುತ್ತದೆ ಎಂಬುದನ್ನು ಮರೆಯಬಾರದು.

ಪ್ಲೇಪೆನ್ ಎಂದರೇನು?

ನಾಲ್ಕು ಕಡೆ ಜಾಲರಿ ಅಥವಾ ಪಟ್ಟಿಗಳಿಂದ ಆವರಿಸಿದ, ಮೇಲೆ ತೆರೆದಿರುವ ಆಟದ ಜಾಗವೇ ಪ್ಲೇಪೆನ್. ಮಡಚಿ ಚೀಲದಲ್ಲಿ ಇಡಬಹುದಾದ ಬಗೆಯನ್ನು ಅಡುಗೆಮನೆಯ ಹೊರಗಿನಿಂದ ಪಡಸಾಲೆಗೆ, ತವರುಮನೆಗೆ ಹೋಗುವಾಗ ಅಲ್ಲಿಗೆ ಒಯ್ಯಬಹುದು. ಒಳಗಿರುವ ಮಗು ನಿಮ್ಮನ್ನು ನೋಡುತ್ತಿರುತ್ತದೆ, ನೀವೂ ಮಗುವನ್ನು ನೋಡುತ್ತಿರುತ್ತೀರಿ.

ಕೆಲವರು ಇದರ ಬದಲು ಗಾಲಿಯ ವಾಕರ್ ತರುತ್ತಾರೆ. ದಯವಿಟ್ಟು ತರಬೇಡಿ. ವಾಕರ್ ಮಗುವಿಗೆ ನಡೆಯಲು ಕಲಿಸುವುದಿಲ್ಲ, ಕಲಿಕೆಯನ್ನು ತಡಮಾಡಬಹುದು. ಮಗುವನ್ನು ಅದು ಮೆಟ್ಟಿಲಿನತ್ತ, ಒಲೆಯತ್ತ ವೇಗವಾಗಿ ಒಯ್ಯುತ್ತದೆ. ಕೆನಡಾ ದೇಶವು 2004ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿದೆ.

ಕೊಳ್ಳುವ ಮುನ್ನ ಪರೀಕ್ಷಿಸಿ

• ಬದಿಗಳ ಎತ್ತರ 20 ಅಂಗುಲಕ್ಕಿಂತ ಕಡಿಮೆ ಇರಬಾರದು.
• ಜಾಲರಿಯ ಕಣ್ಣುಗಳು ಕಾಲು ಅಂಗುಲಕ್ಕಿಂತ ಚಿಕ್ಕದಾಗಿರಬೇಕು. ದೊಡ್ಡದಿದ್ದರೆ ಬೆರಳು, ಅಂಗಿಯ ಗುಂಡಿ ಸಿಕ್ಕಿಕೊಳ್ಳುತ್ತವೆ.
• ಮರದ್ದಾದರೆ ಪಟ್ಟಿಗಳ ನಡುವಿನ ಸಂದು 6 ಸೆಂ.ಮೀ. ಮೀರಬಾರದು. ಮೀರಿದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಬೀಳಬಹುದು.
• ಹರಿದ ಜಾಲರಿ, ಸಡಿಲವಾದ ಮೊಳೆ, ಚೂಪಾದ ಅಂಚು, ಸುಲಿದ ಬಣ್ಣ ಇರಬಾರದು. ನೆಂಟರು ಬಳಸಿ ಕೊಟ್ಟದ್ದನ್ನು ಇನ್ನಷ್ಟು ಎಚ್ಚರದಿಂದ ನೋಡಿ.
• ಮೇಲಿನ ಪಟ್ಟಿಗಳ ಲಾಕ್ ಗಟ್ಟಿಯಾಗಿರಬೇಕು.

ಈ ಕೊನೆಯ ಅಂಶ ಬಹಳ ಮುಖ್ಯ. ಅಮೆರಿಕದಲ್ಲಿ 1990ರ ದಶಕದಲ್ಲಿ ಮಡಚುವ ಪ್ಲೇಪೆನ್‌ಗಳ ಮೇಲಿನ ಪಟ್ಟಿ ನಡುವೆ ಕುಸಿದು, ಅದರ ಸಂದಿನಲ್ಲಿ ಕುತ್ತಿಗೆ ಸಿಕ್ಕಿ ಹಲವು ಕೂಸುಗಳು ಸತ್ತವು. ಮಗುವನ್ನು ಕಳೆದುಕೊಂಡ ತಂದೆತಾಯಿಗಳ ಹೋರಾಟದ ಫಲವಾಗಿಯೂ ಅಲ್ಲಿ 2008ರಲ್ಲಿ ಮಕ್ಕಳ ಸಾಮಗ್ರಿಗಳ ಕಾನೂನು ಬಿಗಿಯಾಯಿತು. 2013ರಿಂದ ಪ್ಲೇಪೆನ್‌ಗಳಿಗೆ ಕಡ್ಡಾಯ ನಿಯಮ ಜಾರಿಗೆ ಬಂತು.

ಬಿಚ್ಚಿ ನಿಲ್ಲಿಸುವ ಕ್ರಮ

ಜೊತೆಗೆ ಬಂದ ಸೂಚನಾ ಪತ್ರವನ್ನು ಓದಿ, ಅಥವಾ ಓದಿಸಿಕೊಳ್ಳಿ. ಸಾಮಾನ್ಯವಾಗಿ ಮೊದಲು ನಾಲ್ಕೂ ಬದಿಯ ಪಟ್ಟಿಗಳನ್ನು ‘ಟಕ್’ ಎಂದು ಕೂರುವವರೆಗೆ ಎತ್ತಬೇಕು, ಆಮೇಲೆ ತಳದ ನಡುಭಾಗವನ್ನು ಕೆಳಗೆ ಒತ್ತಬೇಕು. ನಂತರ ಪ್ರತಿಯೊಂದು ಪಟ್ಟಿಯ ನಡುವೆ ಕೈಯಿಟ್ಟು ಬಲವಾಗಿ ಅದುಮಿ ನೋಡಿ. ಒಂದು ಬದಿ ಬಾಗಿದರೂ ಮಗುವನ್ನು ಒಳಗೆ ಬಿಡಬೇಡಿ. ಈ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಬೇಕು. ಬದಿಯನ್ನು ಇಳಿಸಿಟ್ಟು ಮಗುವನ್ನು ಬಿಡಲೇಬಾರದು.

ಎಲ್ಲಿ ಇಡಬೇಕು?

ಸಮತಟ್ಟಾದ ನೆಲದಲ್ಲಿ, ನೀವು ಕೆಲಸ ಮಾಡುವಾಗ ತಲೆಯೆತ್ತಿದರೆ ಕಾಣುವಂತೆ ಇಡಿ. ಅಡುಗೆಮನೆಯ ಒಳಗೆ ಬೇಡ. ಎಣ್ಣೆ ಸಿಡಿಯದಷ್ಟು ದೂರದಲ್ಲಿ ಬಾಗಿಲಿನಾಚೆ ಇರಲಿ. ಸ್ವಿಚ್‌ಬೋರ್ಡ್, ಟೇಬಲ್ ಫ್ಯಾನ್, ಪರದೆಯ ಹಗ್ಗ, ಬಟ್ಟೆ ಒಣಹಾಕುವ ದಾರ ಮಗುವಿನ ಕೈಗೆ ಎಟುಕಬಾರದು. ಮೆಟ್ಟಿಲ ಬಳಿ, ಮಾಳಿಗೆಯ ಮೇಲೆ, ಬಿಸಿಲಿನಲ್ಲಿ ಇಡಬೇಡಿ.

ಒಳಗೆ ಏನಿರಬೇಕು, ಏನಿರಬಾರದು?

ಎರಡು ಮೂರು ಆಟಿಕೆ ಸಾಕು. ಮಗುವಿನ ಬಾಯಿಯೊಳಗೆ ಹೋಗುವಷ್ಟು ಚಿಕ್ಕ ವಸ್ತು ಬೇಡ. ದೊಡ್ಡ ಡಬ್ಬ, ದಿಂಬು ಹಾಕಿದರೆ ಮಗು ಅದರ ಮೇಲೆ ಹತ್ತಿ ಹೊರಗೆ ಬೀಳುತ್ತದೆ. ಅಡ್ಡಲಾಗಿ ದಾರ ಕಟ್ಟಿ ಆಟಿಕೆ ತೂಗುಬಿಡಬೇಡಿ. ಮಗುವಿನ ಕೊರಳಲ್ಲಿ ದಾರ, ಸರ, ತಾಯಿತ ಇದ್ದರೆ ಆ ಹೊತ್ತಿಗೆ ತೆಗೆದು ಜೋಪಾನವಾಗಿ ಇಡಿ. ಅದು ಮೂಲೆಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ಜೊತೆಗೆ ಬಂದ ತೆಳ್ಳನೆಯ ಹಾಸಿಗೆಯ ಮೇಲೆ ಇನ್ನೊಂದು ಹಾಸಿಗೆ, ಕೌದಿ ಹಾಸಬೇಡಿ. ಅಂಚಿನ ಸಂದಿನಲ್ಲಿ ಮಗುವಿನ ಮುಖ ಸಿಕ್ಕಿ ಉಸಿರುಗಟ್ಟಬಹುದು. ಆಡುತ್ತಾ ಅಲ್ಲೇ ನಿದ್ದೆ ಹೋದರೆ ಆಟಿಕೆ ತೆಗೆದು, ಬೆನ್ನ ಮೇಲೆ ಮಲಗಿಸಿ.

ಎಷ್ಟು ಹೊತ್ತು, ಎಲ್ಲಿಯವರೆಗೆ?

ಮಗು ಅಂಬೆಗಾಲಿಡುವ ಮೊದಲೇ ದಿನಕ್ಕೆ ಐದು ನಿಮಿಷ ಒಳಗೆ ಕೂರಿಸಿ ಅಭ್ಯಾಸ ಮಾಡಿಸಿದರೆ ಅಳು ಕಡಿಮೆ. ಅನಂತರವೂ ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಕೆಲಸ ಮಾಡುತ್ತಲೇ ಮಾತನಾಡಿಸುತ್ತಿರಿ, ಹಾಡುತ್ತಿರಿ. ಮಗು ತೆವಳಬೇಕು, ಎದ್ದು ನಿಲ್ಲಬೇಕು, ನಿಮ್ಮ ತೊಡೆಯೇರಬೇಕು. ಬೆಳವಣಿಗೆ ಆಗುವುದು ಹಾಗೆಯೇ. ಸಿಟ್ಟು ಬಂದಾಗ ಶಿಕ್ಷೆಯೆಂದು ಒಳಗೆ ಹಾಕಬೇಡಿ.

ಮಗುವಿನ ಎತ್ತರ 34 ಅಂಗುಲ ಅಥವಾ ತೂಕ ಸುಮಾರು 14 ಕಿಲೋ ತಲುಪಿದಾಗ, ಇಲ್ಲವೇ ಬದಿ ಹತ್ತಲು ಯತ್ನಿಸಿದ ದಿನದಿಂದಲೇ ಬಳಕೆ ನಿಲ್ಲಿಸಿ.

ಪ್ಲೇಪೆನ್ ಕಾವಲುಗಾರನಲ್ಲ

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೆರೆಕುಂಟೆಗೆ ಬಿದ್ದು ಮಕ್ಕಳು ಸಾಯುವುದನ್ನು ತಡೆಯಲು 2013ರಿಂದ ಎರಡು ಉಪಾಯಗಳನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಲಾಯಿತು. ಒಂದು, ಮನೆಗಳಿಗೆ ಪ್ಲೇಪೆನ್ ಕೊಡುವುದು. ಇನ್ನೊಂದು, ಊರಿನಲ್ಲೇ ತರಬೇತಾದ ಮಹಿಳೆಯರು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ ನಡೆಸುವುದು. ಮಕ್ಕಳ ಜೀವ ಉಳಿಸುವುದರಲ್ಲಿ ಸ್ಪಷ್ಟ ಫಲ ಕಂಡದ್ದು ಕೇಂದ್ರಗಳಿಂದ. ಇದರಿಂದ ನಾವು ಕಲಿಯಬೇಕಾದ ಪಾಠ ಒಂದೇ: ಮಗುವನ್ನು ಕಾಯುವುದು ಮನುಷ್ಯರ ಕಣ್ಣು. ಪ್ಲೇಪೆನ್ ಆ ಕಣ್ಣಿಗೆ ನೆರವು ಮಾತ್ರ. ಮಗುವನ್ನು ಅದರಲ್ಲಿ ಬಿಟ್ಟು ನೀರಿಗೆ, ಅಂಗಡಿಗೆ, ಹೊಲಕ್ಕೆ ಹೋಗಬಾರದು. ಐದಾರು ವರ್ಷದ ಅಕ್ಕನಿಗೋ ಅಣ್ಣನಿಗೋ ಒಪ್ಪಿಸಿ ಹೋಗುವುದೂ ಸರಿಯಲ್ಲ.

ಕೊಳ್ಳುವ ಶಕ್ತಿ ಇಲ್ಲದಿದ್ದರೆ?

ಚಿಂತಿಸಬೇಡಿ. ಮೇಲೆ ಹೇಳಿದ ಅಳತೆಯಂತೆ ಊರಿನ ಬಡಿಗೇರರಿಂದ ಮರದ್ದನ್ನು ಮಾಡಿಸಬಹುದು. ಅಥವಾ ಒಂದು ಕೋಣೆಯನ್ನು ಅಪಾಯವಿಲ್ಲದಂತೆ ಮಾಡಿ, ಬಾಗಿಲಿಗೆ ತಡೆ ಹಾಕಬಹುದು. ಆದರೆ ಮಂಚದ ಕಾಲಿಗೆ ಸೀರೆಯಿಂದ ಮಗುವನ್ನು ಕಟ್ಟುವುದು, ಮಂಚ ಮಗುಚಿ ಒಳಗೆ ಕೂರಿಸುವುದು ಅಪಾಯಕರ. ಕೂಲಿಗೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರವು 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆ ಆರಂಭಿಸಿತು. ನಿಮ್ಮ ಊರಲ್ಲಿ ಇದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ಅವಘಡ ನಡೆದರೆ

ಸುಟ್ಟ ಭಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಹಚ್ಚಬೇಡಿ. ವಿಷ ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಜೊತೆಗೆ ತನ್ನಿ. ತಡಮಾಡದೆ 108ಕ್ಕೆ ಕರೆ ಮಾಡಿ.

ನೆನಪಿಡಿ

ಮೊದಲು ಮನೆ ಸುರಕ್ಷಿತವಾಗಲಿ. ಪ್ರತಿ ಸಲವೂ ಲಾಕ್ ಪರೀಕ್ಷಿಸಿ. ಮಗು ಸದಾ ಕಣ್ಣಳತೆಯಲ್ಲಿರಲಿ. ಬಳಸಿದ ಬಕೆಟ್ಟನ್ನು ಬರಿದು ಮಾಡಿ ಬೋರಲು ಹಾಕಿ.

ಈ ಪತ್ರವನ್ನು ಓದಿ ಮುಗಿಸಿದ ಮೇಲೆ ಮನೆಯ ಇತರರಿಗೂ ಓದಿ ಹೇಳಿ. ಸಂದೇಹವಿದ್ದರೆ ಮುಂದಿನ ಲಸಿಕೆಗೆ ಬಂದಾಗ ಮಕ್ಕಳ ವಿಭಾಗದ ವೈದ್ಯರನ್ನಾಗಲಿ ದಾದಿಯರನ್ನಾಗಲಿ ಸಂಕೋಚವಿಲ್ಲದೆ ಕೇಳಿ.