ಒಬ್ಬ ಕೆಳಗೆ, ಒಬ್ಬ ಮೇಲೆ

ತಮ್ಮಾ, ಹೊಸ ಸ್ಪಿಯರ್‌ಗನ್ ತಂದಿದ್ದೀಯೆಂದು ಕೇಳಿ ಸಂತೋಷವಾಯಿತು. ಬಲೆಗೆ ಬಿದ್ದದ್ದನ್ನೆಲ್ಲ ಬಾಚಿ ತರುವುದಕ್ಕಿಂತ, ನೀರೊಳಗೆ ಹೋಗಿ ಬೇಕಾದ ಒಂದೇ ಮೀನನ್ನು ಆರಿಸಿ ಹೊಡೆಯುವುದು ಮೇಲು ಎಂದು ನಾನೂ ನಂಬಿದ್ದೇನೆ. ಗನ್ನಿನ ಉದ್ದ, ರಬ್ಬರಿನ ಬಿಗಿ, ಈಟಿಯ ಮೊನೆ ಇವನ್ನೆಲ್ಲ ಅಂಗಡಿಯವರೂ ಹೇಳಿಕೊಡುತ್ತಾರೆ. ನನಗೆ ಹೇಳಬೇಕೆನಿಸಿದ್ದು ನಿನ್ನ ಉಸಿರಿನ ವಿಷಯ.

ಮುಳುಗುವ ಮೊದಲು ಬುಸುಬುಸು ಉಸಿರಾಡಿಕೊಂಡರೆ ಹೆಚ್ಚು ಹೊತ್ತು ಒಳಗಿರಬಹುದು ಎಂದು ಗೆಳೆಯರು ಹೇಳಿಯಾರು. ಇರಬಹುದು, ಅದೇ ಅಪಾಯ. ಹಾಗೆ ಮಾಡಿದರೆ ಮೈಯಲ್ಲಿ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಉಸಿರಿಗಾಗಿ ಎದೆ ಒದ್ದಾಡುವುದು ಆ ಕಾರ್ಬನ್ ಡೈಆಕ್ಸೈಡ್ ಏರಿದಾಗಲೇ. ಅದನ್ನು ಮೊದಲೇ ಹೊರಹಾಕಿದರೆ ನಿನ್ನನ್ನು ಎಚ್ಚರಿಸುವವರು ಯಾರೂ ಇಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಆ ಒತ್ತಡವಿರುವತನಕ ಉಳಿದ ಸ್ವಲ್ಪ ಆಮ್ಲಜನಕದಲ್ಲೇ ಮೆದುಳು ನಡೆಯುತ್ತದೆ. ಮೇಲೇರತೊಡಗಿದಂತೆ ಒತ್ತಡ ಇಳಿಯುತ್ತದೆ, ರಕ್ತಕ್ಕೆ ಸಿಗುವ ಆಮ್ಲಜನಕವೂ ಇಳಿಯುತ್ತದೆ. ಇನ್ನೇನು ಬಂದೆ ಅನ್ನುವಾಗ, ಕೆಲವೊಮ್ಮೆ ತಲೆ ಹೊರಗೆ ಬಂದ ಮೇಲೂ, ಪ್ರಜ್ಞೆ ತಪ್ಪುತ್ತದೆ. ನೋವಿಲ್ಲ, ಮುನ್ಸೂಚನೆಯಿಲ್ಲ. ಗಟ್ಟಿ ಈಜುಗಾರರೇ ಹೀಗೆ ಹೋಗಿದ್ದಾರೆ.

ಆದ್ದರಿಂದ ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲಿದ್ದು ನೀರಿಗೆ ಮುಖವಿಟ್ಟು ನೋಡುತ್ತಿರಬೇಕು. ಇಬ್ಬರೂ ಒಟ್ಟಿಗೆ ಮುಳುಗಿದರೆ ಇಬ್ಬರೂ ಒಂಟಿಯೇ. ಮೇಲೆ ಬಂದವನ ಮೇಲೆ ಅರ್ಧ ನಿಮಿಷ ಕಣ್ಣಿಟ್ಟಿರು. ಕುಸಿದರೆ ಬಾಯಿ ಮೂಗು ನೀರಿಗೆ ತಾಗದಂತೆ ಎತ್ತಿ ಹಿಡಿದು, ಮಾಸ್ಕ್ ಕಿತ್ತು, ಕೆನ್ನೆ ತಟ್ಟಿ, ಮುಖಕ್ಕೆ ಊದಿ, ಹೆಸರು ಹಿಡಿದು ಕೂಗು. ಅಷ್ಟಕ್ಕೂ ಉಸಿರು ಬಾರದಿದ್ದರೆ ಬಾಯಿಗೆ ಬಾಯಿಟ್ಟು ಕೊಡಬೇಕು, ಅದನ್ನು ದಡದಲ್ಲೇ ಕಲಿತಿರಬೇಕು. ಒಳಗೆ ಕಳೆದ ಹೊತ್ತಿನ ಎರಡರಷ್ಟಾದರೂ ಮೇಲೆ ಸುಧಾರಿಸಿಕೊಂಡೇ ಮತ್ತೆ ಇಳಿ. ಕೊರಿಯದ ಜೆಜು ದ್ವೀಪದಲ್ಲಿ ಹೆನ್ಯೊ ಎಂಬ ಹೆಂಗಸರಿದ್ದಾರೆ. ಸಿಲಿಂಡರ್ ಇಲ್ಲದೆ ಮುಳುಗಿ ಚಿಪ್ಪು ಹೆಕ್ಕುವ ಅವರ ಕಸುಬನ್ನು ಯುನೆಸ್ಕೊ 2016ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಅಜ್ಜಿಯಂದಿರಾಗುವತನಕ ಮುಳುಗಿ ಪಳಗಿದ ಅವರೂ ಗುಂಪಿನಲ್ಲೇ ನೀರಿಗಿಳಿಯುತ್ತಾರೆ.

ಸಾಮಾನಿನಲ್ಲಿ ನಾನು ಮೊದಲು ನೋಡುವುದು ಸೊಂಟದ ಭಾರದ ಬೆಲ್ಟನ್ನು. ಉಸಿರು ಬಿಟ್ಟ ಮೇಲೂ ತೇಲುವಷ್ಟೇ ಸೀಸ ಕಟ್ಟಿಕೋ. ಬಲಗೈಯಿಂದ ಒಮ್ಮೆ ಎಳೆದರೆ ಬಕಲ್ ಬಿಚ್ಚಿಕೊಳ್ಳಬೇಕು. ಬೆಲ್ಟಿನ ಉಳಿದ ತುದಿಯನ್ನು ಅಂದಕ್ಕೆಂದು ಒಳಗೆ ಸಿಕ್ಕಿಸಬೇಡ, ಗಾಬರಿಯಲ್ಲಿ ಕೈಗೆ ಸಿಗಬೇಕಾದದ್ದೇ ಆ ತುದಿ. ಈಜುವ ಕನ್ನಡಕ ಬೇಡ, ಮೂಗನ್ನೂ ಮುಚ್ಚುವ ಮಾಸ್ಕ್ ಬೇಕು. ಆಳದಲ್ಲಿ ಅದು ಮುಖಕ್ಕೆ ಒತ್ತಿದಾಗ ಮೂಗಿನಿಂದ ಕೊಂಚ ಗಾಳಿ ಬಿಟ್ಟರೆ ಸಡಿಲವಾಗುತ್ತದೆ. ನೆಗಡಿಯಾದ ದಿನ ಇಳಿಯಲೇಬೇಡ, ಕಿವಿ ಹೋದೀತು. ಗನ್ನಿನ ರಬ್ಬರನ್ನು ನೀರೊಳಗೇ ಏರಿಸು, ನೀರೊಳಗೇ ಇಳಿಸು. ದೋಣಿಯಲ್ಲಿ ಎಂದೂ ಬೇಡ. ದೋಣಿಯವರಿಗೆ ನೀನಿರುವುದು ಕಾಣುವಂತೆ ಬಣ್ಣದ ತೇಲುಬುರುಡೆ ಜೊತೆಗಿರಲಿ.

ಇನ್ನು ಮೀನಿನ ಮಾತು. ಬಂಡೆಯ ಪೊಟರೆಯಿಂದ ಇಣುಕುವ ದೊಡ್ಡ ಮುರು ಮೀನು ಕಂಡರೆ ಕೈ ತಡೆ. ಅವುಗಳಲ್ಲಿ ಹಲವು ಜಾತಿಗಳು ಹೆಣ್ಣಾಗಿ ಬಾಳು ಶುರುಮಾಡಿ, ಬೆಳೆದ ಮೇಲೆ ಗಂಡಾಗುತ್ತವೆ. ದೊಡ್ಡವನ್ನೇ ಹೊಡೆಯುತ್ತ ಹೋದರೆ ಆ ಬಂಡೆಯಲ್ಲಿ ಗಂಡೇ ಉಳಿಯುವುದಿಲ್ಲ. ದೈತ್ಯ ಮುರು ಮೀನಂತೂ ಹವಳದಂತೆಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿದೆ. ಮುರುಡೇಶ್ವರದಾಚೆಯ ನೇತ್ರಾಣಿಗೆ ಹೋದರೆ ಗನ್ ಮನೆಯಲ್ಲೇ ಇರಲಿ. ಹವಳ ಬೆಳೆದ ಅಂಥ ಜಾಗ ನಮ್ಮ ಕರಾವಳಿಯಲ್ಲಿ ಅಪರೂಪ, ಅಲ್ಲಿ ಕಣ್ತುಂಬ ನೋಡಿ ಬಾ.

ನಿನ್ನ ಜೊತೆಗೆ ಬರುವ ಹುಡುಗ ಯಾರು? ಸಮುದ್ರಕ್ಕೆ ಹೋಗುವ ಮೊದಲು ಒಂದು ದಿನ ಅವನನ್ನೂ ಕರೆದುಕೊಂಡು ಬಾ. ಎದೆಮಟ್ಟದ ನೀರಿನಲ್ಲಿ ನಿಂತು, ಪ್ರಜ್ಞೆ ತಪ್ಪಿದವನನ್ನು ಎತ್ತಿ ಹಿಡಿಯುವುದನ್ನು ಇಬ್ಬರಿಗೂ ತೋರಿಸಿಕೊಡುತ್ತೇನೆ.