ಕತ್ತಿನ ಎಕ್ಸ್‌ರೇ: ವರದಿ ಓದಿ ಹೆದರಬೇಕೆ?

ಪ್ರಶ್ನೆ: ನನಗೆ 47 ವರ್ಷ. ನಾಸಿಕ್‌ನಲ್ಲಿ ನಮ್ಮದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ. ಕತ್ತು ನೋವೆಂದು ಎಕ್ಸ್‌ರೇ ತೆಗೆಸಿದರೆ ಮೂಳೆ ಸವೆದಿದೆ, ಮುಳ್ಳು ಬೆಳೆದಿದೆ, ಬಾಗು ನೆಟ್ಟಗಾಗಿದೆ ಎಂದು ವರದಿ ಬಂತು. ಕೈ ಬಿದ್ದುಹೋದೀತೆಂಬ ಭಯ.

ಉತ್ತರ: ಇಂಥ ಪದಗಳನ್ನು ಒಟ್ಟಿಗೆ ಓದಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ನಲವತ್ತು ದಾಟಿದವರಲ್ಲಿ, ನೋವೇ ಇಲ್ಲದವರಲ್ಲೂ, ಸ್ಪಾಂಡಿಲೋಸಿಸ್ (ವಯೋಸಹಜ ಸವೆತ) ಮತ್ತು ಆಸ್ಟಿಯೋಫೈಟ್ (ಮೂಳೆಯಂಚಿನ ಮುಳ್ಳು) ಕಾಣುವುದು ತೀರ ಸಾಮಾನ್ಯ. ಸ್ನಾಯು ಬಿಗಿದಿದ್ದರೆ, ಪಟ ತೆಗೆಯುವಾಗ ಗದ್ದ ಕೆಳಗಿದ್ದರೂ, ಬಾಗು ನೆಟ್ಟಗೆ ಕಾಣುತ್ತದೆ.

ಎಕ್ಸ್‌ರೇ ತೋರಿಸುವುದು ಕತ್ತಿನ ಏಳು ಮೂಳೆಗಳನ್ನು, ಅವುಗಳ ನಡುವಿನ ಅಂತರವನ್ನು. ನರ ಅದರಲ್ಲಿ ಕಾಣುವುದಿಲ್ಲ. ಕೈಯ ಬಲ, ಸ್ಪರ್ಶ ವೈದ್ಯರು ಮುಟ್ಟಿ ನೋಡಿಯೇ ತಿಳಿಯಬೇಕು. ಆ ಪರೀಕ್ಷೆ ಮಾಡಿಸಿಕೊಳ್ಳದಿದ್ದರೆ ಈ ವಾರವೇ ಹೋಗಿ. ಅಂಗಿಯ ಗುಂಡಿ ಹಾಕಲು ತಡವರಿಕೆ, ನಡೆಯುವಾಗ ತೂರಾಟ, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ಅಂದೇ ತೋರಿಸಿ. ಆಗ ಎಂಆರ್‌ಐ (ನರ, ಡಿಸ್ಕ್ ತೋರಿಸುವ ಸ್ಕ್ಯಾನ್) ಬೇಕಾಗಬಹುದು.

ಇಲ್ಲವಾದರೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಕೆಲವು ವಾರ ಬಿಡದೆ ಮಾಡಿ. ಗಲ್ಲಾದಿಂದ ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ಮಾತ್ರ ತೆಗೆಸಿಕೊಳ್ಳಬೇಡಿ. ಆ ತಿರುಚಿಗೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿದ ಪ್ರಕರಣಗಳಿವೆ.

ಪ್ರಶ್ನೆ: ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿದ್ದೇವೆ. 19ರ ಮಗ ಬೈಕಿನಿಂದ ಬಿದ್ದ. ಬಾಯಿ ತೆರೆಸಿಯೂ ಎಕ್ಸ್‌ರೇ ತೆಗೆದರು. ನೋವು ಹೋಗಿಲ್ಲ, ಈಗ ಸಿಟಿ ಸ್ಕ್ಯಾನ್ ಎನ್ನುತ್ತಾರೆ. ಇಷ್ಟು ಕಿರಣ ತಡೆದಾನೆಯೇ?

ಉತ್ತರ: ತಾಯಿಯಾಗಿ ನೀವು ಕೇಳಲೇಬೇಕಾದ ಪ್ರಶ್ನೆ. ಕತ್ತಿನ ಎಕ್ಸ್‌ರೇಯಲ್ಲಿ ಸುಮಾರು 0.2 ಮಿಲಿಸೀವರ್ಟ್ (ವಿಕಿರಣದ ಅಳತೆ) ತಗಲುತ್ತದೆ. ನೆಲ, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4ರಷ್ಟು ಬರುತ್ತಲೇ ಇರುತ್ತದೆ. ಸಿಟಿಯಲ್ಲಿ ಎಕ್ಸ್‌ರೇಗಿಂತ ಹೆಚ್ಚು ತಗಲುತ್ತದೆ, ನಿಜ. ಆದರೂ ಮಾಡಿಸಿ. ಕೂದಲೆಳೆಯ ಬಿರುಕು ಎಕ್ಸ್‌ರೇಯ ಕಣ್ಣು ತಪ್ಪಿಸುವುದುಂಟು, ಅದು ಗೊತ್ತಾಗದೆ ಉಳಿಯುವುದೇ ಹೆಚ್ಚು ಅಪಾಯ.

ಮುಂದಿನಿಂದ ತೆಗೆದ ಪಟದಲ್ಲಿ ಮೇಲಿನ ಎರಡು ಮೂಳೆಗಳನ್ನು ದವಡೆ, ಹಲ್ಲು ಮರೆಮಾಡುತ್ತವೆ. ಅದಕ್ಕೇ ಬಾಯಿ ತೆರೆಸಿದ್ದು.

ಹಳೆಯ ಫಿಲ್ಮ್‌ಗಳನ್ನೆಲ್ಲ ಒಯ್ಯಿರಿ, ಮತ್ತೆ ತೆಗೆಸುವುದು ತಪ್ಪಬಹುದು. ಫಲಿತಾಂಶ ಬರುವವರೆಗೆ ವೈದ್ಯರು ಕೊಟ್ಟ ಕಾಲರ್ ತೆಗೆಯದಿರಲಿ, ಎಣ್ಣೆ ತಿಕ್ಕುವುದು ಬೇಡ. ಕೈಕಾಲು ಜೋಮು ಹಿಡಿದರೆ ಕತ್ತು ಅಲುಗಿಸದೆ ಮಲಗಿಸಿ, 108ಕ್ಕೆ ಕರೆಮಾಡಿ. ನಿಮ್ಮೂರಿನವರು ಘಾಟಿ ಎನ್ನುವ ಸರ್ಕಾರಿ ಆಸ್ಪತ್ರೆಗೆ ಒಯ್ಯುವಂತೆ ಹೇಳಿ.